ಎರಡೂ ಮನೆಯವರು ಬೇಲಿಗೆ ಬನ್ನಿ

ಬೇಲಿ ಗಿಡ ಕತ್ತರಿಸುವವರಿಗೆ ಸುಮ್ಮನೆ ಕಳೆದ ದಿನ ಅಂತ ಒಂದೂ ಇರುವುದಿಲ್ಲ. ಗಿಡ ಸುಮ್ಮನಿದ್ದರೂ ಅದರ ಆಚೆ ಈಚೆ ಇರುವವರು ಸುಮ್ಮನಿರುವುದಿಲ್ಲ. ನಾನು ಚಿಕ್ಕಬಳ್ಳಾಪುರದವಳು. ಮೊಪೆಡ್ಡಿಗೆ ಮಡಚುವ ಏಣಿ ಕಟ್ಟಿಕೊಂಡು, ಉದ್ದ ಹಿಡಿಯ ಕತ್ತರಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಅಂತ ಕರೆದ ಕಡೆ ಹೋಗುತ್ತೇನೆ. "ಹೆಂಗಸು ಏಣಿ ಹತ್ತೋದಾ?" ಎಂದು ಕೇಳುವ ಗಂಡಸರು ಈಗಲೂ ಇದ್ದಾರೆ. "ಹತ್ತೋಕೆ ನಾನಿದೀನಿ ಸಾರ್, ಕೆಳಗೆ ಹಿಡ್ಕೊಳ್ಳೋಕೆ ನೀವು ಬರ್ತೀರಾ?" ಅನ್ನುತ್ತೇನೆ.

ನನ್ನದೊಂದು ಕಾನೂನಿದೆ. ಎರಡು ಮನೆಗೆ ಸೇರಿದ ಬೇಲಿಯಾದರೆ ಎರಡೂ ಮನೆಯವರು ಬೇಲಿಯ ಹತ್ತಿರ ಬಂದು ನಿಂತು, ತಮ್ಮ ಬಾಯಿಂದಲೇ "ಕತ್ತರಿಸು" ಅನ್ನಬೇಕು. ಹೇಳಿ ಕಳಿಸಿದರೆ ನಡೆಯುವುದಿಲ್ಲ, ಫೋನಿನಲ್ಲಿ ನಡೆಯುವುದಿಲ್ಲ. ಇದಕ್ಕೆ ನನ್ನನ್ನು ಜಂಬಗಾತಿ ಅನ್ನುತ್ತಾರೆ. ಅನ್ನಲಿ.

ಈ ಕಾನೂನಿನಿಂದ ಕಾಡಾದ ಬೇಲಿ ಒಂದೇ ಒಂದು. ಅದು ನನ್ನ ಮನೆಯದು. ಪಕ್ಕದ ಮನೆ ನನ್ನ ಓರಗಿತ್ತಿಯದು. ಸೈಟು ಭಾಗ ಮಾಡುವಾಗ ನಮ್ಮತ್ತೆ, "ಗೋಡೆ ಕಟ್ಟಬೇಡಿ, ಮಾತು ನಿಂತುಹೋಗ್ತದೆ" ಎಂದು ತಾವೇ ನಡುವೆ ಸಾಲಾಗಿ ದಾಸವಾಳ ನೆಟ್ಟರು. ಮಾತು ನಿಲ್ಲಲು ಗೋಡೆ ಬೇಕಾಗಲಿಲ್ಲ, ಒಂದು ಒಬ್ಬಟ್ಟು ಸಾಕಾಯಿತು. ಒಂದು ನಾಮಕರಣಕ್ಕೆ ನಾನು ಒಬ್ಬಟ್ಟು ಮಾಡಿದ್ದೆ. ಪಂಕ್ತಿಯಲ್ಲಿ ಕೂತ ಓರಗಿತ್ತಿ ಅದನ್ನು ಮುರಿಯಲು ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಅಕ್ಕಾ, ಇದಕ್ಕೆ ನಿನ್ನ ಬೇಲಿ ಕತ್ತರೀನೇ ಬೇಕು" ಎಂದಳು. ಇಡೀ ಪಂಕ್ತಿ ನಕ್ಕಿತು. ಅವತ್ತಿನಿಂದ ನಾನು ಅವಳ ಹತ್ತಿರ ಮಾತು ಬಿಟ್ಟೆ. ಒಬ್ಬಟ್ಟು ಚೆನ್ನಾಗಿಯೇ ಇತ್ತು, ಈಗಲೂ ಹೇಳುತ್ತೇನೆ.

ಮಾತಿಲ್ಲವೆಂದ ಮೇಲೆ ಇಬ್ಬರೂ ಬೇಲಿಗೆ ಬರುವುದು ಹೇಗೆ, ಬಾಯಿಬಿಟ್ಟು ಹೇಳುವುದು ಹೇಗೆ? ನಾನು ಕತ್ತರಿ ಹಚ್ಚಲಿಲ್ಲ. ಊರವರ ಬೇಲಿಗೆಲ್ಲ ಒಂದು ಕಾನೂನು, ನನ್ನ ಬೇಲಿಗೆ ಇನ್ನೊಂದು ಅಂತ ಮಾಡಿದರೆ ನಾಳೆ ನನ್ನ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ದಾಸವಾಳ ಮಾತ್ರ ವರ್ಷಗಟ್ಟಲೆ ತನ್ನ ಪಾಡಿಗೆ ಬೆಳೆಯುತ್ತಾ ಹೋಯಿತು.

ಸ್ಟೇಷನ್ನಿಗೆ ಹೋದ ಸೊಪ್ಪು

ಈ ಕಾನೂನು ಹುಟ್ಟಿದ್ದು ಪೊಲೀಸ್ ಸ್ಟೇಷನ್ನಿನಲ್ಲಿ.

ನಮ್ಮ ಊರಲ್ಲೇ ಒಬ್ಬ ಗುಮಾಸ್ತರ ಮನೆ. ಅವರ ಹೆಂಡತಿ ನನ್ನನ್ನು ಕರೆಸಿ, ಸೀಮೆಹುಣಸೆ ಬೇಲಿಯನ್ನು ಸೊಂಟದ ಮಟ್ಟಕ್ಕೆ ಇಳಿಸಲು ಹೇಳಿದರು. "ಪಕ್ಕದ ಮನೆಯವರು?" ಎಂದೆ. "ಎಲ್ಲಾ ಹೇಳಿದೀನಿ ಕಣಮ್ಮ, ನೀನು ಮಾಡು" ಎಂದರು. ಮಾಡಿದೆ. ಸಾಯಂಕಾಲ ಪಕ್ಕದ ಮನೆಯ ಟೀಚರಮ್ಮ ಶಾಲೆಯಿಂದ ಬಂದು ನೋಡಿದವರೇ, ಬಿದ್ದಿದ್ದ ಸೊಪ್ಪನ್ನೆಲ್ಲ ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಆಟೋದಲ್ಲಿ ಸ್ಟೇಷನ್ನಿಗೆ ಒಯ್ದು ಮೇಜಿನ ಮೇಲೆ ಇಟ್ಟರು. ಗುಮಾಸ್ತರ ಹೆಂಡತಿಗೂ ನನಗೂ ಬುಲಾವ್ ಬಂತು.

"ಏನಮ್ಮಾ ಇದು?" ಎಂದು ಹೆಡ್ ಕಾನ್‌ಸ್ಟೇಬಲ್ ನನ್ನನ್ನು ಕೇಳಿದರು.

"ಸೊಪ್ಪು ಸಾರ್."

"ಅದು ಕಾಣ್ತದೆ. ಯಾಕೆ ಕತ್ತರಿಸ್ದೆ?"

"ಕೈ ನಂದು ಸಾರ್, ಬಾಯಿ ಅವರದು. ಹಿಡಿಯೋದಾದ್ರೆ ಬಾಯಿನ ಹಿಡೀರಿ" ಎಂದು ಗುಮಾಸ್ತರ ಹೆಂಡತಿಯನ್ನು ತೋರಿಸಿದೆ.

"ಸೊಪ್ಪು ನಂದು" ಎಂದರು ಟೀಚರಮ್ಮ. "ಅರ್ಧ ನಂದು" ಎಂದರು ಇವರು. ಹೆಡ್ ಕಾನ್‌ಸ್ಟೇಬಲ್‌ಗೆ ಸಾಕಾಗಿ ಹೋಯಿತು. "ಹಂಗಾದ್ರೆ ಅಲ್ಲಿ ಕೂತು ನಿಮ್ಮ ನಿಮ್ಮ ಸೊಪ್ಪು ಆರಿಸ್ಕೊಳ್ಳಿ. ಆಮೇಲೆ ಕಂಪ್ಲೇಂಟ್ ಬರ್ಕೊಳ್ಳೋಣ" ಎಂದು ಗಂಟನ್ನು ನೆಲಕ್ಕಿಟ್ಟರು. ಇಬ್ಬರೂ ಹಟಕ್ಕೆ ಬಿದ್ದು ನಿಜವಾಗಿಯೂ ಕೂತರು! "ಇದು ರಸ್ತೆ ಧೂಳಿದೆ, ನಮ್ಮ ಕಡೇದು", "ಇದು ಹಸಿರಾಗಿದೆ, ನಾನು ನೀರು ಹಾಕಿದ್ದು" ಅಂತ ಅವರೆಕಾಯಿ ಸುಲಿಯುವವರ ಹಾಗೆ ಎರಡು ಗುಡ್ಡೆ ಮಾಡತೊಡಗಿದರು. ಸೀಮೆಹುಣಸೆ ಅಂದರೆ ಮುಳ್ಳು. ಟೀಚರಮ್ಮನ ಬೆರಳಿಗೆ ಒಂದು ಚುಚ್ಚಿ ಮುರಿಯಿತು. ಗುಮಾಸ್ತರ ಹೆಂಡತಿ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಅವರ ಕೈ ತಮ್ಮ ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯಲು ಕೂತರು. ಮುಳ್ಳು ಹೊರಗೆ ಬರುವ ಹೊತ್ತಿಗೆ ಮಾತು ಯಾರದೋ ಮಗಳ ಮದುವೆಯ ತನಕ ಹೋಗಿತ್ತು. ಇಬ್ಬರೂ ಒಂದೇ ಆಟೋದಲ್ಲಿ ಮನೆಗೆ ಹೋದರು.

ಹೆಡ್ ಕಾನ್‌ಸ್ಟೇಬಲ್ ನನಗೆ, "ಇನ್ಮೇಲೆ ಕತ್ತರಿ ತೆರೆಯೋಕೆ ಮುಂಚೆ ಎರಡೂ ಬಾಯಿ ತೆರೆಸಮ್ಮ" ಎಂದರು. ಸೊಪ್ಪನ್ನೂ ಬೆಡ್‌ಶೀಟನ್ನೂ ಇಬ್ಬರೂ ಅಲ್ಲೇ ಮರೆತು ಹೋಗಿದ್ದರು. ಬೆಡ್‌ಶೀಟಾದರೂ ಕೊಟ್ಟುಬಿಡೋಣ ಎಂದು ಮಾರನೆಯ ದಿನ ನಾನು ಹೋಗಿ ನೋಡಿದರೆ, ಸಾಕ್ಷ್ಯವನ್ನೆಲ್ಲ ಮೇಕೆ ತಿಂದಿತ್ತು.

ಇಬ್ಬರು ದೊಡ್ಡವರು

ಪೆರೇಸಂದ್ರದ ಕಡೆ ಹೈವೇ ಪಕ್ಕ ಒಂದು ಲೇಔಟು. ಅಕ್ಕಪಕ್ಕದ ಎರಡು ಮನೆ. ಒಬ್ಬರು ಲೇಔಟಿನ ಸಂಘದ ಅಧ್ಯಕ್ಷರು, ಇನ್ನೊಬ್ಬರು ರಿಟೈರಾದ ಸಾಹೇಬರು. ಬೇಲಿ ಕತ್ತರಿಸಬೇಕು ಎನ್ನುವುದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ಆದರೆ ಮೊದಲು ಬೇಲಿಗೆ ಬಂದವನು ಸಣ್ಣವನಾಗುತ್ತಾನೆ ಎನ್ನುವುದು ಇಬ್ಬರ ಲೆಕ್ಕ.

"ನಮ್ಮ ವಾಚ್‌ಮನ್ ಬಂದು ನಿಲ್ತಾನೆ, ಸಾಕಲ್ಲ?" ಎಂದರು ಅಧ್ಯಕ್ಷರು.

"ವಾಚ್‌ಮನ್ ಮನೆ ಬೇಲಿ ಆದ್ರೆ ಸಾಕು ಸಾರ್."

ಆ ಕಡೆ ಹೋದರೆ ಸಾಹೇಬರು, "ಮೊದಲು ಆತ ಬರಲಿ, ನೋಡೋಣ" ಎಂದರು. ಈ ಕಡೆ ಬಂದು ಅದನ್ನು ಹೇಳಿದಾಗ ಅಧ್ಯಕ್ಷರಿಗೆ ಸಿಟ್ಟು ಬಂತು. "ನಿನ್ನ ಮನೆ ಬೇಲೀನೇ ಕಾಡಾಗಿದೆಯಂತೆ. ನಮಗೆ ರೂಲ್ಸ್ ಹೇಳೋಕೆ ಬರ್ತೀಯಾ?"

"ಕಾಡಾಗಿದೆ ಸಾರ್. ರೂಲ್ಸ್ ಪ್ರಕಾರವೇ ಆಗಿದೆ" ಎಂದು ಹೇಳಿ, ಎದುರಿನ ಹೊಂಗೆ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದೆ. ಚಿತ್ರಾನ್ನ ತಿನ್ನುತ್ತಾ ನೋಡಿದರೆ ಎರಡೂ ಮನೆಯ ಮಹಡಿಯಲ್ಲಿ ಕರ್ಟನ್ ಅಲುಗಾಡುತ್ತಿತ್ತು. ಊಟ ಮುಗಿಸಿ ಕೈ ತೊಳೆದು, ಏಣಿಯನ್ನು ಮೊಪೆಡ್ಡಿಗೆ ಕಟ್ಟಲು ಶುರುಮಾಡಿದೆ. ಎರಡೂ ಬಾಗಿಲು ಒಟ್ಟಿಗೇ ತೆರೆದವು. ಒಬ್ಬರು ಒಂದು ಹೆಜ್ಜೆ ಇಟ್ಟರೆ ಇನ್ನೊಬ್ಬರೂ ಒಂದೇ ಹೆಜ್ಜೆ. ಇವರು ನಿಂತರೆ ಅವರೂ ನಿಂತರು. ಹೀಗೇ ಬಂದು ಬೇಲಿಯ ಆಚೆ ಒಬ್ಬರು, ಈಚೆ ಒಬ್ಬರು, ಅಂತರಪಟದ ಮುಂದೆ ಮದುಮಕ್ಕಳು ನಿಂತ ಹಾಗೆ ತಲೆ ತಗ್ಗಿಸಿ ನಿಂತರು.

"ಕತ್ತರಿಸು" ಎಂದು ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ನನಗೆ ತಡೆಯಲಾಗಲಿಲ್ಲ. ಏಣಿ ಹತ್ತಿ, ಮೊದಲು ಕತ್ತರಿಸಿದ ಎಲೆಗಳನ್ನು ಇಬ್ಬರ ತಲೆಯ ಮೇಲೂ ಅಕ್ಷತೆ ಹಾಕಿದ ಹಾಗೆ ಉದುರಿಸಿದೆ.

ಬೀಗಿತ್ತಿಯರ ಎತ್ತರ

ಚಿಂತಾಮಣಿಯಿಂದ ಕೈವಾರದ ಕಡೆ ಹೋಗುವ ರಸ್ತೆಯಲ್ಲಿ ಎರಡು ಮನೆ. ಈ ಮನೆ ಹುಡುಗಿಯನ್ನು ಆ ಮನೆ ಹುಡುಗನಿಗೆ ಕೊಟ್ಟಿದ್ದರು. ತವರುಮನೆಗೂ ಗಂಡನ ಮನೆಗೂ ನಡುವೆ ಇದ್ದದ್ದು ಒಂದು ಬೇಲಿ.

ಹುಡುಗಿಯ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ತೆಲುಗಿನಲ್ಲಿ ಪಿಸುಗುಟ್ಟಿದರು: "ನೇನು ಚೂಡಾಲಿ, ಆಮೆ ಚೂಡಕೂಡದು." ಅಂದರೆ ಬೇಲಿ ಎಷ್ಟಿರಬೇಕೆಂದರೆ, ಇವರಿಗೆ ಬೀಗರ ಅಂಗಳ ಕಾಣಬೇಕು, ಬೀಗಿತ್ತಿಗೆ ಇವರ ಅಂಗಳ ಕಾಣಬಾರದು. ಸರಿ ಎಂದು ಆಚೆ ಮನೆಗೆ ಹೋದೆ. ಹುಡುಗಿಯ ತಾಯಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಅದನ್ನೇ ಕನ್ನಡದಲ್ಲಿ ಹೇಳಿದರು. ಅಂಥ ಗಿಡ ಯಾವ ನರ್ಸರಿಗೂ ಬಂದಿಲ್ಲ ಎಂದು ಇಬ್ಬರಿಗೂ ಅವರವರ ಭಾಷೆಯಲ್ಲೇ ಹೇಳಿದೆ.

ನಡುವೆ ಸೊಸೆ ನೀರು ಕೊಡುವ ನೆಪದಲ್ಲಿ ಬಂದು, "ಅಕ್ಕಾ, ನನ್ನ ಕೇಳಿದ್ರೆ ಆಕಾಶದ ತನಕ ಬಿಟ್ಬಿಡು" ಎಂದಳು. ಪಾಪ, ಅವಳ ಮಾತು ನಡೆಯುವಂತಿರಲಿಲ್ಲ. ಬೀಗಿತ್ತಿಯರು ಬೇಲಿಗೆ ಬಂದರು. ಅತ್ತೆ ಎತ್ತರದ ಆಳು, ತಾಯಿ ಗಿಡ್ಡ. "ಮೂಗಿನ ಮಟ್ಟಕ್ಕೆ" ಎಂದರು ಅತ್ತೆ. ತಾಯಿ ತಮ್ಮ ಮೂಗು ಮುಟ್ಟಿಕೊಂಡು "ಸರಿ" ಎಂದರು. ಯಾರ ಮೂಗು ಎಂದು ಅರ್ಧ ಗಂಟೆ ಜಗಳವಾಗಿ, ಕೊನೆಗೆ ಅತ್ತೆಯ ಮೂಗೇ ಗೆದ್ದಿತು. ಇಬ್ಬರೂ ಕತ್ತರಿಸು ಎಂದರು, ಕತ್ತರಿಸಿದೆ.

ಮುಂದಿನ ಸಲ ಹೋದಾಗ ತಾಯಿ ಬೇಲಿಯ ಪಕ್ಕ ಒಂದು ಸ್ಟೂಲ್ ಇಟ್ಟುಕೊಂಡಿದ್ದರು. ಅದನ್ನು ನೋಡಿ ಅತ್ತೆ ಒಂದು ಕುರ್ಚಿ ಹಾಕಿಸಿದ್ದರು. ಅದಕ್ಕೆ ಪ್ರತಿಯಾಗಿ ಸ್ಟೂಲಿನ ಕೆಳಗೆ ಎರಡು ಸಿಮೆಂಟ್ ಇಟ್ಟಿಗೆ ಬಂದಿದ್ದವು. ನಾನು ಗಿಡ್ಡ ಮಾಡಿದ್ದು ಬೇಲಿಯನ್ನು, ಎತ್ತರವಾದದ್ದು ಬೀಗಿತ್ತಿಯರು.

ನಶ್ಯದ ಡಬ್ಬಿ

ಶಿಡ್ಲಘಟ್ಟದಲ್ಲಿ ರೇಷ್ಮೆ ಹುಳು ಸಾಕುವ ಮನೆಗೆ ಹೋದರೆ ದೇವರ ಮನೆಗಿಂತ ಹೆಚ್ಚು ಮಡಿ. ಗೇಟಿನಲ್ಲೇ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕೈಕಾಲು ತೊಳೆಸಿದರು, ಕತ್ತರಿಯನ್ನೂ ತೊಳೆಸಿದರು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಹುಳು ಮನೆಯ ಕಿಟಕಿಗೆ ಬೇಲಿ ಅಡ್ಡ ಬಂದು ಗಾಳಿಯಾಡುತ್ತಿರಲಿಲ್ಲ, ಅದಕ್ಕೇ ಆ ಮನೆಯಾಕೆಗೆ ಅವಸರ. ಪಕ್ಕದ ಮನೆಯವರು ರಿಟೈರಾದ ಹೆಡ್‌ಮಾಸ್ಟರು. ಅವರು ಬೇಲಿಗೆ ಬರಬೇಕಲ್ಲ?

ಅವರು ಬಂದರು, ನಶ್ಯದ ಡಬ್ಬಿಯ ಮೇಲೆ ಬೆರಳು ತಟ್ಟುತ್ತಾ. ಮನೆಯಾಕೆ ಕಿರುಚಿದರು. "ಅಯ್ಯೋ ಮೇಷ್ಟ್ರೇ, ಅಲ್ಲೇ ನಿಲ್ಲಿ! ಹೊಗೆಸೊಪ್ಪಿನ ಗಾಳಿ ಸೋಕಿದ್ರೆ ನಮ್ಮ ಹುಳ ಎಲ್ಲಾ ಸತ್ತೋಗ್ತವೆ!"

ಮೇಷ್ಟ್ರು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನನಗೆ ಫೋನ್ ಮಾಡಿದರು. "ಇಲ್ಲಿಂದ ಹೇಳ್ತೀನಿ ಕಣಮ್ಮ. ಅರ್ಧ ಅಡಿ ಮಾತ್ರ ತೆಗಿ. ಒಂದು ಎಲೆ ಹೆಚ್ಚು ತೆಗೆದ್ರೆ ನಾನು ಒಪ್ಪಲ್ಲ."

"ಫೋನಲ್ಲಿ ನಡೆಯಲ್ಲ ಮೇಷ್ಟ್ರೇ. ಡಬ್ಬಿ ಇಟ್ಟು ಮುಖ ತೊಳ್ಕೊಂಡು ಬನ್ನಿ."

ಅವರು ಡಬ್ಬಿಯನ್ನು ಮನೆಯಲ್ಲಿಟ್ಟು, ಸ್ನಾನ ಮಾಡಿ, ಬೇರೆ ಅಂಗಿ ಹಾಕಿಕೊಂಡು ಬಂದರು. ಶುರುವಿನಲ್ಲಿ ಗತ್ತು ಚೆನ್ನಾಗಿಯೇ ಇತ್ತು. ಅರ್ಧ ಅಡಿ ಅಂದರೆ ಅರ್ಧ ಅಡಿ. ಮನೆಯಾಕೆ ಕಿಟಕಿಯ ವಿಚಾರ ನಿಧಾನವಾಗಿ, ಅವರ ಮಾವನ ಕಾಲದಿಂದ ವಿವರಿಸುತ್ತಾ ಹೋದರು. ಮೇಷ್ಟ್ರು ಮೂಗು ಉಜ್ಜಿದರು, ಕಿವಿ ಎಳೆದುಕೊಂಡರು, ಕಾಲು ಬದಲಿಸಿದರು. ಅರ್ಧ ಅಡಿ ಒಂದು ಅಡಿಯಾಯಿತು, ಒಂದು ಎರಡಾಯಿತು. ಕೊನೆಗೆ, "ಬುಡದ ತನಕ ಬೇಕಾದ್ರೂ ಕತ್ತರಿಸ್ಕೊಳ್ಳಿ, ನನ್ನ ಮನೆಗೆ ಬಿಡಿ!" ಎಂದು ಓಡಿದರು.

ಆಮೇಲೆ ಬಾವಿ, ದಾರಿ, ಚರಂಡಿ ಯಾವ ವಿಚಾರಕ್ಕೂ ಆ ಮನೆಯಾಕೆ ಮೇಷ್ಟ್ರ ಹತ್ತಿರ ಮಾತಾಡುವುದು ಹುಳು ಹಣ್ಣಾದಾಗ ಮಾತ್ರವಂತೆ.

ಗೋರಂಟಿ

ಗೌರಿಬಿದನೂರಿನಲ್ಲಿ ಒಂದು ಗೋರಂಟಿ ಬೇಲಿ. ಈಚೆ ಅಲೀಪುರದಿಂದ ಬಂದು ನೆಲೆಸಿದವರ ಮನೆ, ಅಲ್ಲಿ ಮೊಮ್ಮಗಳ ಮದುವೆ. ಆಚೆ ಬ್ಯಾಂಕಿನವರ ಮನೆ. ಅಜ್ಜಿ ಕತ್ತರಿಸಲು ಒಪ್ಪಿದರು, ಆದರೆ "ಪಹಲೇ ಎಲೆ ಬಿಡಿಸ್ಕೊಳ್ತೀವಿ ಬೇಟಿ, ಆಮೇಲೆ ಕತ್ರಿ" ಎಂದರು. ಬ್ಯಾಂಕಿನವರ ಹೆಂಡತಿಯೂ, "ನಮಗೂ ಒಂದು ಹಿಡಿ ಇರಲಿ" ಎಂದು ಸೆರಗು ಸಿಕ್ಕಿಸಿ ಬಂದರು. ಎರಡೂ ಮನೆಯ ಹೆಂಗಸರು, ನೆಂಟರು, ಬೀದಿಯ ಹುಡುಗಿಯರು ಎಲ್ಲರೂ ಸೇರಿ ಬಿಡಿಸಿದ್ದೇ ಬಿಡಿಸಿದ್ದು. ಎಲೆ ಸಾಲದೆ ಚಿಗುರುಕಡ್ಡಿಗಳನ್ನೂ ಮುರಿದುಕೊಂಡು ಹೋದರು. ನನ್ನನ್ನು ಅಜ್ಜಿ ಚಾಪೆಯ ಮೇಲೆ ಕೂರಿಸಿ, ರುಬ್ಬಿದ ಗೋರಂಟಿಯನ್ನು ಎರಡೂ ಅಂಗೈಗೆ ಬಳಿದುಬಿಟ್ಟರು. ಮೂಗು ತುರಿಸಿದರೂ ಕೈ ಎತ್ತುವ ಹಾಗಿಲ್ಲ.

ಸಾಯಂಕಾಲ ಬ್ಯಾಂಕಿನವರು ಬಂದು ಬೇಲಿಯನ್ನು ನೋಡಿದರು. "ಅಬ್ಬಾ, ಎಷ್ಟು ಒಪ್ಪವಾಗಿ ಕತ್ತರಿಸಿದಾರೆ! ಯಾರ ಕೈಚಳಕ ಇದು?" ಎಂದರು.

ಕತ್ತರಿ ಇನ್ನೂ ಗೋಣಿಚೀಲದಲ್ಲೇ ಇತ್ತು. ನಾನು ಗೋರಂಟಿ ಮೆತ್ತಿದ ಎರಡೂ ಕೈ ಎತ್ತಿ ತೋರಿಸಿದೆ.

ನಮ್ಮ ಬೇಲಿ

ಇಷ್ಟೆಲ್ಲ ಊರು ಸುತ್ತಿ ಮನೆಗೆ ಬಂದರೆ ನನ್ನ ದಾಸವಾಳ ಇನ್ನೂ ಒಂದು ಗೇಣು ಮೇಲೆ ಹೋಗಿರುತ್ತಿತ್ತು. ಹೂವೆಲ್ಲ ತುದಿಯಲ್ಲಿ. ಬೆಳಿಗ್ಗೆ ಪೂಜೆಗೆ ನಾನು ಈಚೆಯಿಂದ ದೋಟಿ ಹಾಕಿದರೆ ಓರಗಿತ್ತಿ ಆಚೆಯಿಂದ ದೋಟಿ ಹಾಕುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ, ಬಳೆ ಸದ್ದು ಮಾತ್ರ. ಒಂದು ದಿನ ಎರಡು ದೋಟಿಯ ಕೊಕ್ಕೆಗಳೂ ಮೇಲೆ ಸಿಕ್ಕಿಹಾಕಿಕೊಂಡವು. ನಾನು ಎಳೆದೆ, ಅವಳು ಎಳೆದಳು. "ಬಿಡು" ಅನ್ನಬೇಕಾದರೆ ಮಾತಾಡಬೇಕು. ಆಫೀಸಿಗೆ ಹೊರಟ ಗಂಡಸರು ನಿಂತು ನೋಡುವಷ್ಟು ಹೊತ್ತು ಇಬ್ಬರೂ ಬಾಯಿ ಮುಚ್ಚಿಕೊಂಡು ಎಳೆದಾಡಿದೆವು. ನಮ್ಮಿಬ್ಬರ ಗಂಡಂದಿರು ಆ ಹೊತ್ತಿನಲ್ಲಿ ಮೂಲೆ ಅಂಗಡಿಯಲ್ಲಿ ಒಟ್ಟಿಗೇ ಟೀ ಕುಡಿಯುತ್ತಿದ್ದರು. ಅಣ್ಣತಮ್ಮಂದಿರಿಗೆ ಬೇಲಿಯೂ ಇಲ್ಲ, ಒಬ್ಬಟ್ಟೂ ಇಲ್ಲ.

ಆಮೇಲೆ ಒಂದು ದಿನ ಲೈನ್‌ಮನ್ ಬಂದ. ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸ್ ಕಿತ್ತು, ಇಡೀ ಬೀದಿಯ ಕರೆಂಟ್ ತೆಗೆದು, ಮಚ್ಚು ಹಿಡಿದು ನಮ್ಮ ಬೇಲಿಯ ಮುಂದೆ ನಿಂತ. "ಕೊಂಬೆ ವೈರಿಗೆ ತಗಲ್ತಾ ಐತೆ. ಎಷ್ಟು ಸಲ ಅಂತ ಬರ್ಲಿ? ಬುಡಕ್ಕೇ ಕಡಿದು ಹಾಕ್ತೀನಿ."

ಅತ್ತೆ ನೆಟ್ಟ ಗಿಡ! ನಾನು ಬಾಯಿ ತೆರೆಯುವ ಮೊದಲೇ ಬೇಲಿಯ ಆಚೆಯಿಂದ ಓರಗಿತ್ತಿಯ ದನಿ ಗುಡುಗಿತು: "ಏಯ್, ಮಚ್ಚು ಕೆಳಗಿಳಿಸು! ಈ ಬೇಲಿಗೆ ಒಂದು ಕಾನೂನೈತೆ. ಎರಡೂ ಮನೆಯವರು ಬಂದು ಬಾಯ್ಬಿಟ್ಟು ಹೇಳೋ ತನಕ ಯಾವನೂ ಕೈ ಹಚ್ಚಂಗಿಲ್ಲ. ಇಡೀ ಜಿಲ್ಲೆಗೇ ಗೊತ್ತು, ನಿಂಗೊತ್ತಿಲ್ವಾ?"

ನನ್ನ ಕಾನೂನನ್ನು ಅಷ್ಟು ಗಟ್ಟಿಯಾಗಿ ನಾನೇ ಎಂದೂ ಹೇಳಿರಲಿಲ್ಲ. ಹೆಮ್ಮೆಯಾಯಿತು. ಅದು ಅವಳ ಬಾಯಿಂದ ಬಂತಲ್ಲ ಎಂದು ಸ್ವಲ್ಪ ಹೊಟ್ಟೆಯೂ ಉರಿಯಿತು.

"ಸರಿ ತಾಯಿ, ಇಬ್ಬರೂ ಬಂದಿದೀರಲ್ಲ. ಹೇಳಿ ಮತ್ತೆ" ಎಂದ ಲೈನ್‌ಮನ್.

ಕರೆಂಟಿಲ್ಲದೆ ಬೀದಿಯವರೆಲ್ಲ ಹೊರಗೆ ಬಂದರು. ಒಬ್ಬರ ದೋಸೆ ಹಿಟ್ಟು ಗ್ರೈಂಡರಿನಲ್ಲಿ ಅರ್ಧಕ್ಕೇ ನಿಂತಿತ್ತು, ಇನ್ನೊಬ್ಬರ ತೊಟ್ಟಿಗೆ ನೀರು ಏರಿರಲಿಲ್ಲ. ಕೊನೆಗೆ ಓರಗಿತ್ತಿಯೇ ಬಾಯಿ ಬಿಟ್ಟಳು, ಲೈನ್‌ಮನ್‌ಗೆ. "ನೋಡಪ್ಪ, ಆ ಕಡೆ ಇರೋರಿಗೆ ಹೇಳು. ನಾನು ಒಪ್ಪಿದೀನಿ. ಆದ್ರೆ ಮಚ್ಚಲ್ಲ, ಕತ್ತರಿ. ಅವರ ಕೈಯಿಂದಾನೇ ಆಗ್ಬೇಕು."

ನಾನೂ ಲೈನ್‌ಮನ್‌ಗೇ ಹೇಳಿದೆ. "ಅವಳ್ನ ಕೇಳಪ್ಪ, ನನ್ನ ಒಬ್ಬಟ್ಟು ಗಟ್ಟಿ ಇರ್ಲಿಲ್ಲ ಅಂತ ಒಪ್ಕೊಂತಾಳಾ?"

ಅವನು ಬೆವರು ಒರೆಸಿಕೊಂಡು ಆಚೆ ತಿರುಗಿದ. "ತಾಯಿ, ಒಬ್ಬಟ್ಟಿನ ವಿಷಯ ಏನೋ ಕೇಳ್ತಾವ್ರೆ."

"ಬೇಲಿ ಬೇರೆ, ಒಬ್ಬಟ್ಟು ಬೇರೆ. ಬೇಲಿಗೆ ಒಪ್ಪಿದೀನಿ. ಒಬ್ಬಟ್ಟು ಗಟ್ಟಿಗೇ ಇತ್ತು."

"ಗಟ್ಟಿ ಇದ್ರೇನು, ಮೆತ್ತಗಿದ್ರೇನು, ಕರೆಂಟ್ ಕೊಡ್ರಮ್ಮ!" ಎಂದು ದೋಸೆ ಹಿಟ್ಟಿನವರು ಬೀದಿಯಿಂದ ಕೂಗಿದರು.

ನನಗೆ ನಗು ಬಂದುಬಿಟ್ಟಿತು. ತಡೆದುಕೊಳ್ಳಲು ಬೇಲಿಯನ್ನು ಹಿಡಿದುಕೊಂಡೆ. ಬೇಲಿ ಆ ಕಡೆಯಿಂದಲೂ ಅಲುಗಾಡುತ್ತಿತ್ತು, ಅವಳೂ ನಗುತ್ತಿದ್ದಳು. "ನಾನೂ ಒಪ್ಪಿದೀನಿ" ಎಂದು ಕೂಗಿ ಏಣಿ ಹಾಕಿದೆ. ಕೊಂಬೆ ಒಂದೊಂದೇ ಬಿದ್ದ ಹಾಗೆ ಮೊದಲು ಅವಳ ತುರುಬು ಕಂಡಿತು, ಆಮೇಲೆ ಕುಂಕುಮ, ಆಮೇಲೆ ಕಣ್ಣು. ಕೂದಲು ನನ್ನ ಹಾಗೆಯೇ ನೆರೆತಿತ್ತು. ನಾನಿಲ್ಲದೆಯೇ ಅವಳಿಗೆ ವಯಸ್ಸಾಗಿಬಿಟ್ಟಿತಲ್ಲ ಎಂದು ನಿಜವಾಗಿ ಸಂಕಟವಾಯಿತು. ಎದೆಮಟ್ಟಕ್ಕೆ ತಂದು ನಿಲ್ಲಿಸಿದೆ.

ಈ ಯುಗಾದಿಗೆ ಒಬ್ಬಟ್ಟು ಮಾಡಿದೆ. ಹದ ನೋಡಿ ನೋಡಿ ಮಾಡಿದೆ. ಬಾಳೆಲೆಯಲ್ಲಿ ಸುತ್ತಿ ಬೇಲಿಯ ಮೇಲಿಂದ ಅವಳ ಕೈಗೆ ಕೊಟ್ಟೆ. ಅವಳು ಎಲೆ ಬಿಚ್ಚಿದಳು, ಹೆಬ್ಬೆರಳಿನಿಂದ ಒಂದು ಸಲ ಒತ್ತಿದಳು, ನನ್ನ ಮುಖ ನೋಡಿದಳು.

"ಅಕ್ಕಾ, ಕತ್ತರಿ?"

ಒಳಗೆ ಹೋಗಿ ಗೋಣಿಚೀಲ ಬಿಚ್ಚಿ, ಅದನ್ನೂ ತಂದು ಬೇಲಿಯ ಮೇಲಿಂದಲೇ ಕೊಟ್ಟೆ.